ಹೊಸ್ತಿಲಲ್ಲಿ ಕೂತ ಸಾಲ

ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದಿದ್ದ ವೆನಿಸ್ಸಿನ ವರ್ತಕ ಮಾರ್ಕೊ ಪೋಲೊ ಅಲ್ಲಿನ ಒಂದು ರೂಢಿಯನ್ನು ದಾಖಲಿಸಿದ್ದಾನೆ. ಎಷ್ಟು ಸಲ ಕೇಳಿದರೂ ಸಾಲ ತೀರಿಸದವನು ಎದುರಾದರೆ, ಸಾಲ ಕೊಟ್ಟವನು ಅವನ ಸುತ್ತ ನೆಲದ ಮೇಲೆ ಗೆರೆ ಎಳೆಯುತ್ತಿದ್ದ. ಹಣವನ್ನೋ ತಕ್ಕ ಭರವಸೆಯನ್ನೋ ಕೊಡದೆ ಅವನು ಗೆರೆ ದಾಟುವಂತಿರಲಿಲ್ಲ, ದಾಟಿದರೆ ಮರಣದಂಡನೆ. ಪರದೇಶದ ವ್ಯಾಪಾರಿಯೊಬ್ಬ ಕುದುರೆಯ ಮೇಲಿದ್ದ ರಾಜನ ಸುತ್ತಲೇ ಹೀಗೆ ಗೆರೆ ಎಳೆದನೆಂದೂ, ಹಣ ಸಲ್ಲುವವರೆಗೆ ರಾಜ ಕದಲಲಿಲ್ಲವೆಂದೂ, ಅದನ್ನು ತಾನೇ ಕಂಡೆನೆಂದೂ ಹೇಳುತ್ತಾನೆ.

ರಾಜನ ನ್ಯಾಯನಿಷ್ಠೆ ಮೆಚ್ಚತಕ್ಕದ್ದೇ. ಆದರೆ ಅವನಿಗೆ ಹಣ ತರಿಸಲು ಅರಮನೆಯಿತ್ತು. ಮನೆಯಲ್ಲಿ ಏನೂ ಇಲ್ಲದವನು ಆ ಗೆರೆಯೊಳಗೆ ನಿಂತರೆ ಅವನ ಗತಿಯೇನು?

ನಮ್ಮ ಧರ್ಮಶಾಸ್ತ್ರಗಳು ಇದಕ್ಕೆ ಕೊಟ್ಟ ಉತ್ತರ ಹಿತವಾದದ್ದಲ್ಲ. ಮನುಸ್ಮೃತಿ ಸಾಲ ವಸೂಲಿಗೆ ಐದು ಉಪಾಯಗಳನ್ನು ಹೇಳುತ್ತದೆ: ಧರ್ಮ, ವ್ಯವಹಾರ, ಛಲ, ಆಚರಿತ, ಬಲ. ಇವುಗಳಲ್ಲಿ 'ಆಚರಿತ'ವೆಂದರೆ ಸಾಲಗಾರನ ಹೆಂಡತಿ ಮಕ್ಕಳನ್ನೋ ದನಕರುಗಳನ್ನೋ ಹಿಡಿದಿಡುವುದು, ಅವನ ಬಾಗಿಲಲ್ಲಿ ಹೋಗಿ ಕೂರುವುದು. ಯಾಜ್ಞವಲ್ಕ್ಯ ಸ್ಮೃತಿಯ ಪ್ರಕಾರ, ಕೈ ಬರಿದಾದವನು ಕೀಳೆನಿಸಿದ ಜಾತಿಯವನಾಗಿದ್ದರೆ ದುಡಿಸಿಕೊಂಡು ಸಾಲ ತೀರಿಸಿಕೊಳ್ಳಬಹುದು. ಬ್ರಾಹ್ಮಣನಾಗಿದ್ದರೆ ಆದಾಯ ಬಂದಹಾಗೆ ನಿಧಾನವಾಗಿ ಪಡೆಯಬೇಕು. ಈ ಸ್ಮೃತಿಗೆ ದೇಶದ ಬಹುಭಾಗ ಒಪ್ಪಿದ 'ಮಿತಾಕ್ಷರಾ' ವ್ಯಾಖ್ಯಾನವನ್ನು ವಿಜ್ಞಾನೇಶ್ವರ ಬರೆದದ್ದು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಸಾಲ ಒಂದೇ ಆದರೂ ಒಬ್ಬನಿಗೆ ವಾಯಿದೆ, ಇನ್ನೊಬ್ಬನಿಗೆ ಜೀತ. ಜೀತವನ್ನು ಕಾನೂನು ಪೂರ್ತಿಯಾಗಿ ಕಿತ್ತುಹಾಕಲು 1976ರ ತನಕ ಕಾಯಬೇಕಾಯಿತು.

ಬಾಗಿಲಲ್ಲಿ ಕೂರುವ ಪದ್ಧತಿಗೆ ಉತ್ತರ ಭಾರತದಲ್ಲಿ 'ಧರಣಾ' ಎಂಬ ಹೆಸರಿತ್ತು. ಕೂತವನು ಉಪವಾಸ ಮಾಡುತ್ತಿದ್ದ, ಮನೆಯವರೂ ಉಣ್ಣುವಂತಿರಲಿಲ್ಲ. ಅವನು ಸತ್ತರೆ ಪಾಪ ಮನೆಯವರ ತಲೆಗೆ. ಹೀಗೆ ಕೂರಲು ಬ್ರಾಹ್ಮಣರನ್ನು ಕಳಿಸುವುದೂ ಇತ್ತು. ಕಾಶಿಯಲ್ಲಿ ಇದನ್ನು ತಡೆಯಲು ಕಂಪನಿ ಸರ್ಕಾರ 1795ರಲ್ಲಿ ನಿಯಮ ಮಾಡಿತು. 1860ರ ಭಾರತೀಯ ದಂಡ ಸಂಹಿತೆಯ 508ನೆಯ ಕಲಮು, ದೈವದ ಮುನಿಸಿನ ಭಯ ಹುಟ್ಟಿಸಲು ಮತ್ತೊಬ್ಬನ ಬಾಗಿಲಲ್ಲಿ ಧರಣಿ ಕೂರುವುದನ್ನು ಅಪರಾಧದ ಉದಾಹರಣೆಯಾಗಿ ಕೊಟ್ಟಿತು. ಇಂದು ನಾವು ಚಳವಳಿಗೆ ಬಳಸುವ 'ಧರಣಿ' ಎಂಬ ಮಾತಿನ ಹಿಂದೆ ಸಾಲ ವಸೂಲಿಯ ಈ ನೆನಪೂ ಇದೆ.

ಬ್ರಿಟಿಷರ ಕಾಲದಲ್ಲಿ ಹೊಸ್ತಿಲಿನ ಜಾಗಕ್ಕೆ ಕೋರ್ಟು ಬಂತು. ಓದುಬಾರದ ರೈತ ಹೆಬ್ಬೆಟ್ಟೊತ್ತಿದ ಪತ್ರ ಡಿಕ್ರಿಯಾಯಿತು, ಡಿಕ್ರಿ ಜಪ್ತಿಯಾಯಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪಾದಲ್ಲಿ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದರು. ಅಹಮದ್‌ನಗರದವರೆಗೆ ಹಬ್ಬಿದ ಆ ದಂಗೆಯಲ್ಲಿ ಅವರು ಮುಖ್ಯವಾಗಿ ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು, ಲೆಕ್ಕದ ಪುಸ್ತಕಗಳನ್ನು. ಅದರ ಫಲವಾಗಿ ಬಂದ 1879ರ ಕಾಯ್ದೆ, ಪತ್ರದಲ್ಲಿರುವುದನ್ನೇ ನಂಬದೆ ವ್ಯವಹಾರದ ಮೂಲವನ್ನು ಕೆದಕಿ ನೋಡುವ ಅಧಿಕಾರವನ್ನು ಕೋರ್ಟಿಗೆ ಕೊಟ್ಟಿತು. ಸಾಲಕ್ಕಾಗಿ ರೈತನನ್ನು ಜೈಲಿಗೆ ಹಾಕುವುದನ್ನು ನಿಲ್ಲಿಸಿತು.

ಇಂದಿಗೂ ಜಾರಿಯಲ್ಲಿರುವ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಹೆಚ್ಚು ಜನ ಓದದ ಕೆಲವು ಸಾಲುಗಳಿವೆ. ಅಡುಗೆಯ ಪಾತ್ರೆ, ತೊಡುವ ಬಟ್ಟೆ, ಹಾಸಿಗೆ, ಕಸುಬುದಾರನ ಹತಾರ, ರೈತನ ನೇಗಿಲು ಎತ್ತು, ಸಂಪ್ರದಾಯದಂತೆ ಹೆಣ್ಣು ತೆಗೆಯಬಾರದ ಒಡವೆ ಇವು ಜಪ್ತಿಗೆ ಸಿಗುವುದಿಲ್ಲ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತಿಲ್ಲ. ಕೋರ್ಟಿನ ಅಮೀನನೇ ಆದರೂ ಜಪ್ತಿಗೆಂದು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಮನೆಯೊಳಗೆ ಕಾಲಿಡುವಂತಿಲ್ಲ.

ಆದರೆ ಗೆರೆ ಎಳೆಯುವ ಕೈಗಳು ಬದಲಾಗಿವೆ. ಮೈಕ್ರೋಫೈನಾನ್ಸ್ ಸಾಲದಲ್ಲಿ ಗುಂಪಿನ ಹೆಂಗಸರೇ ಒಬ್ಬರಿಗೊಬ್ಬರು ಜಾಮೀನು. ಕಂತು ತಪ್ಪಿದವಳ ಬಾಗಿಲಲ್ಲಿ ಬಂದು ಕೂರುವವರು ಅವಳ ನೆರೆಯವರೇ. ದೈವದ ಮುನಿಸಿನ ಜಾಗದಲ್ಲಿ ಈಗ ಮಾನದ ಭಯವಿದೆ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದ ಪ್ರಕಾರ ಇಂಥ ಸಾಲಕ್ಕಾಗಿ ಬೆಳಗ್ಗೆ 9ರ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ನೆಂಟರನ್ನು ಕಾಡುವುದು, ಹೆಸರು ಬಯಲುಮಾಡುವುದು ನಿಷಿದ್ಧ. ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಹೊರಡಿಸಿದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಗೊತ್ತುಮಾಡಿತು.

ಈ ಹಕ್ಕುಗಳಿಂದ ಸಾಲ ತೀರುವುದಿಲ್ಲ, ಪಡೆದದ್ದನ್ನು ಕೊಡಲೇಬೇಕು. ಆದರೆ ಸಾಲಗಾರನ ಹಣದ ಮೇಲೆ ಕೊಟ್ಟವನಿಗಿರುವ ಹಕ್ಕು ಅವನ ಊಟ, ನಿದ್ದೆ, ಮಾನಗಳ ಮೇಲಿಲ್ಲ ಎಂಬ ಸರಳ ಮಾತು ಕಾನೂನಿನ ಪುಸ್ತಕ ಸೇರಲು ಶತಮಾನಗಳು ಹಿಡಿದವು. ರಾತ್ರಿ ಎಂಟಕ್ಕೆ ಬಾಗಿಲು ಬಡಿದಾಗ ಒಳಗೆ ದೀಪ ಆರಿಸಿ ಕೂತಿರುವವಳಿಗೆ ಈ ಮಾತನ್ನು ತಲುಪಿಸುವ ಕೆಲಸ ಇನ್ನೂ ಬಾಕಿಯಿದೆ. ಅದು ಓದುಬಲ್ಲ ನಮ್ಮ ಮೇಲಿರುವ ಸಾಲ.