ಅಮಾನತು

ಕಲಬುರಗಿಯ ಜಗತ್ ವೃತ್ತದಲ್ಲಿ, ಬಸವೇಶ್ವರರ ಪ್ರತಿಮೆಗೆ ಅನತಿದೂರದ ಒಂದು ಚಹಾದಂಗಡಿಯ ಬೆಂಚಿನ ಮೇಲೆ, ಬಿಸಿಲೇರುವ ಮುನ್ನ ಒಂದು ಗಳಿಗೆ ಕುಳಿತು ವೃತ್ತಪತ್ರಿಕೆಯನ್ನು ತಿರುವಿಹಾಕುವುದು ನಿವೃತ್ತನಾದ ಬಳಿಕ ನನಗೆ ಅಂಟಿಕೊಂಡ ವ್ಯಸನ. ಜಗತ್ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಚಲಿಸುತ್ತಿರುವುದು ಎಂದು ಮೂಲಾರ್ಥ. ಆ ವೃತ್ತದ ವಾಹನಸಂದಣಿಯನ್ನು ದಾಟಿ ಆಚೆಯ ಬದಿಗೆ ಸೇರಿದವನಿಗೆ ಇದನ್ನು ವ್ಯಾಕರಣದಿಂದ ಕಲಿಯಬೇಕಾದ ಪ್ರಮೇಯವಿಲ್ಲ. ಬೆಂಚಿನ ಇನ್ನೊಂದು ತುದಿ ಒಬ್ಬ ಉರ್ದು ಮಾಸ್ತರರದು. ಅವರೂ ನನ್ನಂತೆಯೇ ನಿವೃತ್ತರು, ನನ್ನಂತಲ್ಲದೆ ಮಿತಭಾಷಿಗಳು. ಒಂದು ಮುಂಜಾನೆ, ಇಬ್ಬರು ನೌಕರರು ಅಮಾನತಾದ ಸುದ್ದಿಯ ಮೇಲೆ ಬೆರಳಿಟ್ಟು ಅವರು ಕೇಳಿದರು: “ಸಾಹೇಬ್ರೆ, ಅಮಾನತ್ ಅಂದ್ರ ನಮ್ಮಲ್ಲಿ ಜತನ ಮಾಡಿ ಇಡೋ ಚೀಜು. ನೀವು ಅದನ್ನ ತಪ್ಪು ಮಾಡಿದವನಿಗಿ ಯಾಕ ಹಚ್ಚೀರಿ?”

ಮೂವತ್ತು ವರ್ಷಕಾಲ ಗುಮಾಸ್ತನಾಗಿದ್ದು, ಲೆಕ್ಕವಿಲ್ಲದಷ್ಟು ಅಮಾನತು ಆದೇಶಗಳ ಕರಡನ್ನು ಸ್ವಹಸ್ತದಿಂದ ಬರೆದಿದ್ದ ನನಗೆ, ಆ ಶಬ್ದದ ಮುಖವನ್ನು ಅಂದಿನ ತನಕ ನೆಟ್ಟಗೆ ನೋಡಿಯೇ ಇರಲಿಲ್ಲವೆಂಬುದು ಆ ಕ್ಷಣದಲ್ಲಿ ಹೊಳೆದು ನಾಚಿಕೆಯಾಯಿತು.

ಅರಬ್ಬೀ ಭಾಷೆಯ ಅ–ಮ–ನ ಎಂಬ ತ್ರಿವ್ಯಂಜನ ಧಾತುವಿಗೆ ನಿರ್ಭಯ, ಸ್ಥೈರ್ಯ, ನೆಚ್ಚಿಕೆ ಎಂಬಿವು ಸಾಮಾನ್ಯಾರ್ಥ. ದೇವರಲ್ಲಿಡುವ ನಂಬುಗೆ ಈಮಾನ್. ನಂಬಿಕೆಗೆ ಅರ್ಹನಾದವನು ಅಮೀನ್. ನಂಬಿ ಒಬ್ಬರ ವಶಕ್ಕೆ ಕೊಟ್ಟಿಟ್ಟ ಒಡವೆ ಅಮಾನತ್. ಬಹಮನಿಗಳು 1347ರಲ್ಲಿ ಈ ಊರಿನಲ್ಲಿ ರಾಜಧಾನಿ ಹೂಡಿದಂದಿನಿಂದ ಹೈದರಾಬಾದ್ ಸಂಸ್ಥಾನವು 1948ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಲೀನವಾಗುವವರೆಗೆ, ಮೊದಲು ಫಾರಸಿಯೂ ಆಮೇಲೆ ಉರ್ದುವೂ ದರಬಾರದ ಭಾಷೆಗಳಾಗಿ ಮೆರೆದ ಈ ಸೀಮೆಯಲ್ಲಿ, ಆ ಧಾತುವಿನ ಸಂತಾನ ಕನ್ನಡದೊಳಗೆ ಮನೆಮಾಡಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಜಪ್ತಿಯ ಹುಕುಮು ಹಿಡಿದು ಬರುವ ಕೋರ್ಟಿನ ಅಮೀನ, ಮಾತಿಗೆ ತಪ್ಪಿದವನನ್ನು ಬಯ್ಯುವ ‘ಬೇಮಾನ’ ಎಂಬ ಬೈಗುಳ, ಗುತ್ತಿಗೆಗೆ ಕೊಡದೆ ಸರಕಾರವೇ ನೇರವಾಗಿ ನೋಡಿಕೊಳ್ಳುತ್ತಿದ್ದ ಅಮಾನಿ ಜಮೀನು, ದೂರದ ತುಮಕೂರಿನ ಅಮಾನಿಕೆರೆ, ಇವೆಲ್ಲ ಒಂದೇ ಬಳ್ಳಿಯ ಕಾಯಿಗಳು. ಹೊರಗಿನಿಂದ ಬಂದದ್ದನ್ನು ಇಲ್ಲಿಯ ಜನ ಎಂದೂ ಪರಕೀಯವೆಂದು ನೂಕಿದವರಲ್ಲ. ಸಂಸ್ಥಾನ ಅಳಿದ ಮರುವರ್ಷ, 1949ರಲ್ಲಿ, ಇದೇ ಊರಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದವರು ಕ್ರೈಸ್ತ ಸಭಾಪಾಲಕರಾದ ಉತ್ತಂಗಿ ಚನ್ನಪ್ಪನವರು. ಹಳ್ಳಿಗರ ನಾಲಗೆಯ ಮೇಲೆ ಕಾಪಿನಲ್ಲಿದ್ದ ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಪ್ರಕಟಿಸಿದ ಮಹನೀಯರು ಅವರು. ಜನ ಇಟ್ಟುಕೊಂಡಿದ್ದ ಅಮಾನತ್ತನ್ನು ಜನಕ್ಕೇ ಹಿಂದಿರುಗಿಸಿದರೆಂದು ಹೇಳಿದರೆ ಮಾಸ್ತರರು ಒಪ್ಪಿಯಾರು.

ಹಾಗಾದರೆ ಕಾಪಿಟ್ಟ ಒಡವೆಯೆಂಬ ಅರ್ಥದಿಂದ ಕೆಲಸದಿಂದ ದೂರವಿರಿಸಿದ ನೌಕರನೆಂಬ ಅರ್ಥಕ್ಕೆ ಈ ಶಬ್ದ ಜಾರಿದ್ದು ಹೇಗೆ? ವ್ಯಾಜ್ಯ ಇತ್ಯರ್ಥವಾಗುವ ತನಕ ಒಡವೆಯನ್ನು ಮೂರನೆಯವನ ಕೈಯಲ್ಲಿರಿಸುವುದು ಹಳೆಯ ಪದ್ಧತಿ. ಹಾಗಿರಿಸಿದ್ದನ್ನು ಯಾರೂ ಬಳಸುವಂತಿಲ್ಲ, ಯಾರೂ ಬಿಸಾಡುವಂತೆಯೂ ಇಲ್ಲ. ಬಳಕೆಯಿಲ್ಲದೆ ತಡೆದಿರಿಸಿದ್ದು ಎಂಬ ಛಾಯೆಯೊಂದೇ ಕಚೇರಿಯ ಭಾಷೆಯಲ್ಲಿ ಉಳಿದುಕೊಂಡು, ಜತನವೆಂಬ ಛಾಯೆ ಮಾಸಿಹೋಗಿರಬೇಕೆಂದು ನನ್ನ ಊಹೆ. ಆದರೆ ಸರಕಾರಿ ನಿಯಮಾವಳಿಯಲ್ಲಿ, ಅದನ್ನು ಬರೆದವರಿಗೂ ಅರಿವಿಲ್ಲದಂತೆ, ಆ ಹಳೆಯ ಛಾಯೆ ಇನ್ನೂ ಉಸಿರಾಡುತ್ತಿದೆ. ಕರ್ನಾಟಕ ನಾಗರಿಕ ಸೇವೆಗಳ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳು ಎಂಬ ನೀಳವಾದ ಹೆಸರಿನ 1957ರ ಕಟ್ಟಳೆಯಲ್ಲಿ ದಂಡನೆಗಳ ಪಟ್ಟಿ ಇರುವುದು 8ನೆಯ ನಿಯಮದಲ್ಲಿ. ಅಮಾನತಿನ ಮಾತು ಬರುವುದು 10ನೆಯದರಲ್ಲಿ. ಅರ್ಥಾತ್, ಅಮಾನತು ದಂಡನೆಯೇ ಅಲ್ಲ. ವಜಾ ಆದವನು ಹೊರಗಿನವನು. ಅಮಾನತಾದವನು ಇನ್ನೂ ಸೇವೆಯಲ್ಲಿರುವವನು. ಅವನ ಹೆಸರು ಹಾಜರಿಪುಸ್ತಕದಿಂದ ಅಳಿಯುವುದಿಲ್ಲ. ಮೊದಮೊದಲು ಅರ್ಧ ವೇತನದಷ್ಟು ಜೀವನಾಧಾರ ಭತ್ಯೆ ಅವನಿಗೆ ಸಲ್ಲುತ್ತದೆ. ಅನುಮತಿಯಿಲ್ಲದೆ ಕೇಂದ್ರಸ್ಥಾನವನ್ನು ಬಿಟ್ಟು ತೆರಳತಕ್ಕದ್ದಲ್ಲ ಎಂಬ ಒಂದು ಸಾಲು ಪ್ರತಿಯೊಂದು ಆದೇಶದ ಕೊನೆಯಲ್ಲೂ ಇರುತ್ತದೆ. ಆ ಸಾಲನ್ನು ನಾನು ನೂರಾರು ಸಲ ಯಾಂತ್ರಿಕವಾಗಿ ಬರೆದಿದ್ದೇನೆ. ಅದು ನನ್ನ ಪಾಲಿಗೇ ಬರುವ ದಿನವೊಂದಿದೆಯೆಂದು ಎಣಿಸಿರಲಿಲ್ಲ.

2020ರ ಫೆಬ್ರುವರಿ 5ರಿಂದ ಮೂರು ದಿನ ನಮ್ಮೂರಿನಲ್ಲಿ ಮತ್ತೊಮ್ಮೆ ಸಾಹಿತ್ಯ ಸಮ್ಮೇಳನ ನೆರೆದಿತ್ತು; ಜಾತ್ರೆಯಂತೆ ಕೂಡಿದ ಆ ಜನಸ್ತೋಮದ ಧೂಳು ಅಡಗಿ ಐದು ವಾರವಾಗಿತ್ತೋ ಇಲ್ಲವೋ, ಮಾರ್ಚ್ 10ರಂದು ಕಲಬುರಗಿಯ ಒಬ್ಬ ವೃದ್ಧರು ತೀರಿಕೊಂಡರು. ದೇಶದಲ್ಲಿ ಕೋವಿಡ್‌ನಿಂದಾದ ಮೊದಲನೆಯ ಸಾವು ಅದೆಂದು ಎರಡು ದಿನಗಳ ಮೇಲೆ ತಿಳಿಯಿತು. ಅಲ್ಲಿಂದಾಚೆಗೆ ಜಗತ್ ವೃತ್ತವು ತನ್ನ ಹೆಸರಿನ ಅರ್ಥವನ್ನೇ ಕಳೆದುಕೊಂಡು ನಿಶ್ಚಲವಾಯಿತು. ಆ ವರ್ಷ ಕ್ರೈಸ್ತರಾದ ನಮ್ಮ ಪುನರುತ್ಥಾನದ ಹಬ್ಬ ಬಿದ್ದದ್ದು ಏಪ್ರಿಲ್ 12ಕ್ಕೆ. ದೇವಾಲಯದ ಬಾಗಿಲಿಗೆ ಬೀಗ. ಮನೆಯ ಪಡಸಾಲೆಯಲ್ಲಿ ನಾವು ನಾಲ್ವರೇ ಕುಳಿತು ಹಾಡಿದೆವು. ಆಗಿನ್ನೂ ನನ್ನ ಧ್ವನಿ ಗಟ್ಟಿಯಾಗಿತ್ತೆಂಬುದನ್ನು ಮರೆಮಾಚಲಾರೆ. ಅನ್ಯರ ಸಂಕಟದ ನಡುವೆ ತನ್ನ ಭಕ್ತಿ ದೃಢವಾಗಿದೆಯೆಂದು ಬೀಗುವುದು ಅತ್ಯಂತ ಸುಲಭವಾದ ಸಾಧನೆ. ಮರುವರ್ಷದ ಮೇ ತಿಂಗಳಲ್ಲಿ ನನ್ನ ಅಣ್ಣ ಉಸಿರಿಗಾಗಿ ಒಂಬತ್ತು ದಿನ ಹೋರಾಡಿ ಕಣ್ಮುಚ್ಚಿದನು. ಅವನ ಮಣ್ಣಿಗೆ ಹೋದವರು ಬೆರಳೆಣಿಕೆಯಷ್ಟು ಮಂದಿ. ಪಾಸ್ಟರರು ಪ್ರಾರ್ಥನೆಯನ್ನು ಮುಗಿಸಿ, ಸಭೆಯ ಉತ್ತರಕ್ಕಾಗಿ ತಡೆದು ನಿಂತರು. ಹುಟ್ಟಿದಾರಭ್ಯ ಸಾವಿರಾರು ಸಲ ಆಡಿದ್ದ ‘ಆಮೆನ್’ ಎಂಬ ಎರಡಕ್ಷರ ನನ್ನ ಗಂಟಲಿನಿಂದ ಹೊರಡಲಿಲ್ಲ. ಹಿಂದೆ ನಿಂತಿದ್ದ ಯಾರೋ ಅಂದರು. ಯಾರೆಂದು ಮುಖಗವಸಿನ ಮರೆಯಲ್ಲಿ ಗೊತ್ತಾಗಲಿಲ್ಲ.

ನಾಸ್ತಿಕನಾದೆನೆ? ಇಲ್ಲ, ಅಷ್ಟು ಧೈರ್ಯವೂ ನನ್ನಲ್ಲಿರಲಿಲ್ಲ. ದೇವರಿಲ್ಲವೆಂದು ಹೇಳಲಾರದ, ಇದ್ದಾನೆಂದು ಹೇಳಿ ಸಮಾಧಾನಗೊಳ್ಳಲೂ ಆರದ ಮಧ್ಯಸ್ಥಿತಿಯೊಂದುಂಟು. ಸಂಸ್ಕೃತದ ವಿಶ್ವಾಸ ಶಬ್ದದ ಧಾತು ಶ್ವಸ್, ಎಂದರೆ ಉಸಿರಾಡು. ಎದೆಯ ಬಿಗುವು ಸಡಿಲಿ ನಿರಾಳವಾಗಿ ಉಸಿರಾಡುವಂಥದೇ ವಿಶ್ವಾಸ. ಆ ದಿನಗಳಲ್ಲಿ ನನಗಿದ್ದದ್ದು ಏದುಸಿರು. ಭಾನುವಾರ ದೇವಾಲಯಕ್ಕೆ ಹೋಗುತ್ತಿದ್ದೆ, ಕಡೆಯ ಸಾಲಿನಲ್ಲಿ ಕೂಡುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಹಿತೈಷಿಗಳು ಬಂದು, ನಂಬಿಕೆಯನ್ನು ಗಟ್ಟಿಮಾಡಿಕೊಳ್ಳಿರೆಂದು ಬುದ್ಧಿ ಹೇಳಿ ಹೋಗುತ್ತಿದ್ದರು. ಬಿದ್ದವನ ಕೈಗೇ ಹಗ್ಗವನ್ನು ಕೊಟ್ಟು, ನಿನ್ನನ್ನು ನೀನೇ ಎಳೆದುಕೋ ಎನ್ನುವ ಆ ಬಗೆಯ ಉಪದೇಶ ನನಗೆ ಇಂದಿಗೂ ಸೇರದು.

ಮಾಸ್ತರರ ಪ್ರಶ್ನೆ ನನ್ನನ್ನು ಹಿಂಬಾಲಿಸಿ ಬಂದದ್ದು ಇಂಥ ಕಾಲದಲ್ಲಿ. ಅರಬ್ಬಿಗೆ ಸೋದರಭಾಷೆಯಾದ ಹೀಬ್ರುವಿನಲ್ಲಿಯೂ ಅದೇ ಧಾತುವುಂಟು. ನಮ್ಮ ಆಮೆನ್ ಹುಟ್ಟಿದ್ದು ಅದರಿಂದಲೇ. ಎಂದ ಮೇಲೆ, ಮಸೀದಿಯ ಈಮಾನ್, ದೇವಾಲಯದ ಆಮೆನ್, ನನ್ನ ಕಚೇರಿಯ ಅಮಾನತು, ಮೂರೂ ರಕ್ತಸಂಬಂಧಿಗಳು! ನಂಬುಗೆಗೆ ಹೀಬ್ರುವಿನಲ್ಲಿ ‘ಎಮುನಾ’ ಎಂದು ಹೆಸರು. ವಿಮೋಚನಕಾಂಡದ 17ನೆಯ ಅಧ್ಯಾಯದಲ್ಲಿ, ಅಮಾಲೇಕ್ಯರೊಡನೆ ಯುದ್ಧ ನಡೆಯುತ್ತಿರಲು ಗುಡ್ಡದ ಮೇಲೆ ಕೈಯೆತ್ತಿ ನಿಂತ ಮೋಶೆಯ ತೋಳುಗಳು ಸೂರ್ಯಾಸ್ತದ ತನಕ ಅಲುಗದೆ ಇದ್ದವೆಂದು ಹೇಳುವಲ್ಲಿ ಈ ಶಬ್ದವೇ ಬಂದಿದೆ. ಆದರೆ ಆ ತೋಳುಗಳು ತಮ್ಮ ಬಲದಿಂದ ನಿಂತಿದ್ದವೆ? ಅವು ಸೋತು ಜೋಲುಬಿದ್ದಿದ್ದವು. ಮೋಶೆಯನ್ನು ಕಲ್ಲಿನ ಮೇಲೆ ಕೂರಿಸಿ, ಆಚೆ ಈಚೆ ನಿಂತು ಅವುಗಳನ್ನು ಎತ್ತಿ ಹಿಡಿದವರು ಆರೋನನೂ ಹೂರನೂ.

ಇದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಶಬ್ದ ಕೂಸನ್ನೆತ್ತಿ ಸಾಕುವ ದಾದಿಗೆ ಸಲ್ಲುತ್ತದೆ. ಸಮುವೇಲನ ಎರಡನೆಯ ಗ್ರಂಥದಲ್ಲಿ ಅಂಥ ಒಬ್ಬ ದಾದಿ ಬರುತ್ತಾಳೆ, ಅವಳಿಗೆ ಹೆಸರಿಲ್ಲ. ಸೌಲನೂ ಅವನ ಮಗ ಯೋನಾತಾನನೂ ರಣದಲ್ಲಿ ಮಡಿದರೆಂಬ ವಾರ್ತೆ ಬರಲು, ಯೋನಾತಾನನ ಐದು ವರ್ಷದ ಮಗ ಮೆಫೀಬೋಶೆತನನ್ನು ಎತ್ತಿಕೊಂಡು ಅವಳು ಓಡಿದಳು. ಓಡುವ ಅವಸರದಲ್ಲಿ ಮಗು ಬಿದ್ದು ಎರಡೂ ಕಾಲುಗಳು ಕುಂಟಾದವು. ನಂಬುಗೆಯೆಂಬ ಶಬ್ದದ ಒಡಹುಟ್ಟೇ ತನ್ನ ಕಸುಬಿನ ಹೆಸರಾಗಿದ್ದವಳ ಕೈಯಿಂದ ಬಿದ್ದ ಮಗು! ಸತ್ಯವೇದದಲ್ಲಿ ಇದಕ್ಕಿಂತ ನಿಷ್ಠುರವಾದ ಶಬ್ದಚೋದ್ಯವನ್ನು ನಾನು ಕಂಡಿಲ್ಲ. ಕೈಬಿಟ್ಟವರು ಯಾರೆಂದು ಆ ಮಗು ದೊಡ್ಡವನಾದ ಮೇಲೆ ಎಷ್ಟು ರಾತ್ರಿ ಯೋಚಿಸಿರಬೇಕು! ಆ ಬೀಳಿನ ಬಗ್ಗೆ ಅವನನ್ನು ಸಮಾಧಾನಪಡಿಸುವ ಒಂದು ಮಾತೂ ಗ್ರಂಥದಲ್ಲಿಲ್ಲ. ಕಾಲುಗಳು ಕಡೆಗೂ ವಾಸಿಯಾಗಲಿಲ್ಲ. ವರ್ಷಗಳ ಮೇಲೆ ದಾವೀದರಾಜನು ಅವನನ್ನು ಲೋದೆಬಾರಿನಿಂದ ಕರೆಸಿಕೊಂಡು ತನ್ನ ಪಂಕ್ತಿಯಲ್ಲಿ ನಿತ್ಯಭೋಜನಕ್ಕೆ ಕೂರಿಸಿದನೆಂದು ಹೇಳಿ, ಅದಾದ ಮೇಲೂ, ಅವನ ಎರಡು ಕಾಲೂ ಕುಂಟಾಗಿದ್ದವೆಂಬುದನ್ನು ಬರೆದೇ ಆ ಅಧ್ಯಾಯವನ್ನು ಲೇಖಕನು ಮುಗಿಸುತ್ತಾನೆ. ದಾದಿ ಓಡಿದ್ದು ಮಗುವನ್ನು ಉಳಿಸಲಿಕ್ಕಾಗಿ, ಮಗು ಉಳಿಯಿತು, ಎಂಬುದೂ ನಿಜವೇ. ಆದರೆ ಬಿದ್ದ ಮಗುವಿಗೆ ಆ ವಾದವನ್ನು ಹೇಳುವ ಬಾಯಿ ನನಗಿಲ್ಲ.

ಕಳೆದ ಮಳೆಗಾಲದ ತರುವಾಯ ಹುಮನಾಬಾದಿನ ದಾರಿ ಹಿಡಿದು ಕಮಲಾಪುರಕ್ಕೆ ಹೋಗಿದ್ದೆ. ಕೆಂಪು ಬಾಳೆಯಿಂದ ಹೆಸರಾದ ಊರು ಅದು. ಆದರೆ ಸುತ್ತಣ ಎರೆನೆಲದ ಬಡವರನ್ನು ಸಾಕುವುದು, ಕೊಲ್ಲುವುದು, ಎರಡೂ ತೊಗರಿಯೇ. ತೊಗರಿಗೆ ನೆಟೆರೋಗವೆಂಬುದೊಂದು ಬರುತ್ತದೆ. ಮಣ್ಣಿನಲ್ಲಿರುವ ಶಿಲೀಂಧ್ರವೊಂದು ಬೇರಿನ ಮೂಲಕ ಒಳಹೊಕ್ಕು ನೀರೇರುವ ನಾಳಗಳನ್ನು ಕಟ್ಟಿಬಿಡುವುದರಿಂದ, ನೆಲದಲ್ಲಿ ತೇವವಿದ್ದರೂ, ಹೂವು ಕಾಯಿ ಹೊತ್ತು ನಿಂತ ಗಿಡ ನಿಂತಲ್ಲಿಯೇ ಒಣಗಿಹೋಗುತ್ತದೆ. 2022ರಲ್ಲಿ ನಮ್ಮ ಜಿಲ್ಲೆಯ ಹೊಲಗಳನ್ನು ಅದು ಬಹಳವಾಗಿ ಬಾಧಿಸಿತು. ನಮ್ಮ ದೂರದ ಸಂಬಂಧದ ಒಬ್ಬ ಹೆಣ್ಣುಮಗಳಿಗೆ ಆ ವರ್ಷ ಬೆಳೆಯೂ ಹೋಯಿತು, ಅದರ ಬೆನ್ನಿಗೆ ಗಂಡನೂ ಹೋದನು. ಅಂದಿನಿಂದ ಅವಳು ಶುಕ್ರವಾರದ ಹೆಂಗಸರ ಪ್ರಾರ್ಥನಾಕೂಟಕ್ಕೆ ಬರುವುದನ್ನು ಬಿಟ್ಟಳು. ಕೂಟ ನಡೆಸುವ ಹಿರಿಯ ಹೆಂಗಸನ್ನು, ಅವಳ ಮನೆಗೆ ಹೋದಾಗ ಏನು ಹೇಳಿದಿರೆಂದು ಕೇಳಿದೆ, ಉಪದೇಶವನ್ನೇ ನಿರೀಕ್ಷಿಸಿದ್ದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು: “ಏನ್ ಹೇಳ್ಲಿ ಯಪ್ಪಾ? ‘ನಿಂಗ ಆಗಲ್ದಿದ್ರ ಬಿಡು ತಂಗಿ, ನಿನ್ ಪ್ರಾರ್ಥನಾ ನಮ್ ಬಲ್ಲಿ ಅಮಾನತ್ ಇರ್ಲಿ. ಯಾವಾಗ ಬೇಕಂತಿ ಅವಾಗ ಬಂದು ತಗೊ’ ಅಂದೆ. ಅಷ್ಟೇ.”

ಆಕೆಗೆ ಅಕ್ಷರ ಬಾರದು. ಹೀಬ್ರೂ ತಿಳಿಯದು, ಅರಬ್ಬಿಯೂ ತಿಳಿಯದು. ಸೆರೆಮನೆಯಲ್ಲಿ ಮರಣವನ್ನು ಎದುರುನೋಡುತ್ತಿದ್ದ ಪೌಲನ ಹೆಸರಿನಲ್ಲಿ ತಿಮೊಥೆಯನಿಗೆ ಬಂದ ಎರಡನೆಯ ಪತ್ರದ ಮೊದಲನೆಯ ಅಧ್ಯಾಯದಲ್ಲಿ, ದೇವರು ಕಾಯಬಲ್ಲನೆಂದು ಹೇಳಿರುವ ವಸ್ತುವಿಗೆ ಗ್ರೀಕಿನಲ್ಲಿ ಬಳಸಿದ ಶಬ್ದ ಇಡುಗಂಟೆಂಬ ಅರ್ಥದ್ದು, ಅದೇ ಸ್ಥಳಕ್ಕೆ ಉರ್ದು ಬೈಬಲ್ಲು ಅಮಾನತ್ ಎಂಬ ಶಬ್ದವನ್ನಿಟ್ಟಿದೆ ಎಂಬ ಸಂಗತಿಯನ್ನು ನಾನು ಹೇಳಿದಾಗ ಆಕೆ, “ಹೌದೇನು?” ಎಂದು ಒಲೆಯ ಕಡೆಗೆ ತಿರುಗಿದಳು. ಮಾಸ್ತರರಿಗೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಅಮಾನತ್ ಇಟ್ಟವನ ಬಳಿ ರಸೀದಿ ಕಳೆದುಹೋದರೂ ಇಟ್ಟುಕೊಂಡವನು ಅಮೀನನಾಗಿದ್ದರೆ ಸಾಕು ಎಂದರು. ನಾನೀಗ ಕಡೆಯ ಸಾಲಿನಿಂದ ಎರಡು ಸಾಲು ಮುಂದೆ ಬಂದಿದ್ದೇನೆ. ಅರ್ಧ ವೇತನದವನೇ ಇನ್ನೂ, ಕೇಂದ್ರಸ್ಥಾನವನ್ನಂತೂ ಬಿಟ್ಟಿಲ್ಲ. ಪರರ ಪ್ರಾರ್ಥನೆಗೆ ಆಮೆನ್ ಅನ್ನುವಷ್ಟು ಉಸಿರು ಮರಳಿದೆ, ಸ್ವಂತದ್ದನ್ನು ಕಟ್ಟುವಷ್ಟು ಇನ್ನೂ ಇಲ್ಲ.

ಕಮಲಾಪುರದ ಆ ಹೆಣ್ಣುಮಗಳು ಈ ಬರಹ ಮುಗಿಯುವ ಹೊತ್ತಿಗೂ ಕೂಟಕ್ಕೆ ಬಂದಿಲ್ಲ. ಅವಳ ಹಾಡಿನ ಪುಸ್ತಕ ಹಿರಿಯಳ ಮನೆಯ ಗೋಡೆಗೂಡಿನಲ್ಲಿದೆ. ಕಳೆದ ತಿಂಗಳು ನಾನು ಹೋದಾಗ ಅದರ ಮೇಲೆ ಧೂಳಿರಲಿಲ್ಲ.