ಏಳನೇ ತಾರೀಖಿನೊಳಗೆ ಸಂಬಳ: ಒಂದು ಹಕ್ಕಿನ ಹಿನ್ನೆಲೆ

ಸಂಬಳದ ದಿನವನ್ನು ನಂಬಿಕೊಂಡೇ ಮನೆಯ ಲೆಕ್ಕಗಳೆಲ್ಲ ನಡೆಯುತ್ತವೆ. ಮನೆ ಬಾಡಿಗೆ, ಹಾಲಿನ ಬಾಕಿ, ಕಿರಾಣಿ ಅಂಗಡಿಯ ಉದ್ದರಿ, ಮಕ್ಕಳ ಶಾಲೆಯ ಶುಲ್ಕ, ಚೀಟಿಯ ಕಂತು ಎಲ್ಲಕ್ಕೂ ಒಂದೊಂದು ತಾರೀಖು ಗೊತ್ತಾಗಿರುತ್ತದೆ. ಬಟವಾಡೆ ಹತ್ತು ದಿನ ಮುಂದೆ ಹೋದರೆ ಈ ತಾರೀಖುಗಳು ಅದರೊಂದಿಗೆ ಮುಂದೆ ಹೋಗುವುದಿಲ್ಲ. ದುಡಿದ ಹಣ ಮಾಲೀಕರ ಬಳಿ ಉಳಿದಷ್ಟು ದಿನವೂ ದುಡಿದವರು ಬಡ್ಡಿ ತೆತ್ತು ಸಾಲ ತರಬೇಕಾಗುತ್ತದೆ.

2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ನಡೆದ ಗಲಭೆ ಇದಕ್ಕೆ ಹತ್ತಿರದ ಉದಾಹರಣೆ. ಆ್ಯಪಲ್ ಕಂಪೆನಿಯ ಐಫೋನ್‌ಗಳು ತಯಾರಾಗುತ್ತಿದ್ದ ಆ ಕಾರ್ಖಾನೆಯ ಗಾಜುಗಳು ಪುಡಿಯಾದವು, ವಾಹನಗಳು ಉರುಳಿದವು. ಗುತ್ತಿಗೆದಾರರ ಮೂಲಕ ನೇಮಕಗೊಂಡಿದ್ದ ಯುವ ಕಾರ್ಮಿಕರ ದೂರು, ಸಂಬಳ ಸರಿಯಾಗಿ ಬರುತ್ತಿಲ್ಲ, ಹೊತ್ತಿಗೂ ಬರುತ್ತಿಲ್ಲ ಎಂಬುದಾಗಿತ್ತು. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಕೆಲವರ ಸಂಬಳ ತಡವಾದದ್ದು ನಿಜವೆಂದು ಆ್ಯಪಲ್ ತನ್ನ ಪ್ರಾಥಮಿಕ ವಿಚಾರಣೆಯ ನಂತರ ಹೇಳಿತು. ವಿಸ್ಟ್ರಾನ್ ಕೂಡ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿತು. ಕಲ್ಲು ತೂರಿದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ಸಂಬಳವನ್ನು ಇಂಥ ದಿನದೊಳಗೆ ಕೊಡಬೇಕೆಂಬ ಕಾನೂನು ಆಗಲೇ ಎಂಬತ್ತು ವರ್ಷಕ್ಕೂ ಹಳೆಯದಾಗಿತ್ತು. ಆ ಕಾನೂನು ಎಲ್ಲಿಂದ ಬಂತು ಎಂಬುದು ತಿಳಿಯಬೇಕಾದ ಸಂಗತಿ.

ಕೌಟಿಲ್ಯನ ದಂಡ

1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಸಿಕ್ಕಿದ ತಾಳೆಗರಿ ಪ್ರತಿಯಿಂದ ಕೌಟಿಲ್ಯನ 'ಅರ್ಥಶಾಸ್ತ್ರ' ಮತ್ತೆ ಬೆಳಕಿಗೆ ಬಂತು. 1909ರಲ್ಲಿ ಅದು ಅಚ್ಚಾಯಿತು. ಆ ಗ್ರಂಥದಲ್ಲಿ ಕೂಲಿಯ ವಿಚಾರಕ್ಕೆಂದೇ ನಿಯಮಗಳಿವೆ. ಕೆಲಸದ ಕರಾರು ನೆರೆಹೊರೆಯವರಿಗೆ ತಿಳಿದಿರಬೇಕು ಎಂದು ಅದು ವಿಧಿಸುತ್ತದೆ. ವ್ಯಾಜ್ಯ ಬಂದಾಗ ಸಾಕ್ಷಿ ಬೇಕಲ್ಲವೆ? ಕೂಲಿ ಇಷ್ಟೆಂದು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಬೇಸಾಯದ ಆಳಿಗೆ ಬೆಳೆಯಲ್ಲಿ, ದನ ಕಾಯುವವನಿಗೆ ತುಪ್ಪದಲ್ಲಿ ಹತ್ತನೇ ಒಂದು ಪಾಲು ಸಲ್ಲಬೇಕು. ಕೂಲಿ ಕೊಡದ ಯಜಮಾನನಿಗೆ ಕೂಲಿಯ ಹತ್ತನೇ ಒಂದು ಭಾಗ ಅಥವಾ ಆರು ಪಣ ದಂಡ. ಕೊಡಬೇಕಾಗಿಯೇ ಇಲ್ಲವೆಂದು ಸುಳ್ಳು ಹೇಳಿದರೆ ಐದನೇ ಒಂದು ಭಾಗ ಅಥವಾ ಹನ್ನೆರಡು ಪಣ. ಕೂಲಿ ಪಡೆದು ಕೆಲಸ ಮಾಡದ ಆಳಿಗೂ ಹನ್ನೆರಡು ಪಣ ದಂಡವಿತ್ತು. ಕೆಲಸ ಮುಗಿಸುವವರೆಗೆ ಅವನನ್ನು ತಡೆದಿಡಲೂ ಅವಕಾಶವಿತ್ತು. ಎರಡು ಕಡೆಯವರೂ ಸಮಾನರಾಗಿದ್ದರು ಎನ್ನಲಾಗದು. ಆದರೂ ಕೂಲಿ ಕೊಡದಿರುವುದು ರಾಜ್ಯ ಶಿಕ್ಷಿಸಬೇಕಾದ ತಪ್ಪು ಎಂಬ ತಿಳಿವಳಿಕೆ ಅಲ್ಲಿತ್ತು.

ಬ್ರಿಟಿಷರ ಕಾಲದ ಕಾನೂನಿನಲ್ಲಿ ಈ ತಕ್ಕಡಿ ಪೂರ್ತಿಯಾಗಿ ಒಂದೇ ಕಡೆಗೆ ವಾಲಿತು. 1859ರ ಕಾರ್ಮಿಕರ ಕರಾರುಭಂಗ ಕಾಯ್ದೆಯಂತೆ, ಮುಂಗಡ ಪಡೆದು ಕೆಲಸಕ್ಕೆ ಬಾರದ ಕಾರ್ಮಿಕನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಅವರ ಆದೇಶಕ್ಕೂ ಮಣಿಯದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಅದೇ ಮಾಲೀಕ ಸಂಬಳ ಕೊಡದೆ ಸತಾಯಿಸಿದರೆ ಅವನಿಗೆ ಜೈಲಿನ ಭಯವಿರಲಿಲ್ಲ. ಓದು ಬರಹ ಬಾರದ ಕೂಲಿಕಾರ ಸಿವಿಲ್ ಕೋರ್ಟಿಗೆ ಹೋಗಿ, ವಕೀಲರನ್ನು ಹಿಡಿದು, ಕೆಲವು ರೂಪಾಯಿಗಳಿಗಾಗಿ ದಾವೆ ಹೂಡಬೇಕಾಗಿತ್ತು. ಈ ಕಾಯ್ದೆ ರದ್ದಾಗಲು 1925ರವರೆಗೆ ಕಾಯಬೇಕಾಯಿತು.

ಹದಿನೈದನೇ ತಾರೀಖಿನ ಬೇಡಿಕೆ

ಸಂಬಳದ ದಿನಾಂಕವನ್ನೇ ಒಂದು ಹಕ್ಕಾಗಿ ಕೇಳಿದ ಮೊದಲಿಗರಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಕಾರ್ಮಿಕರು ಸೇರುತ್ತಾರೆ. ಜೋತಿರಾವ್ ಫುಲೆ ಅವರ ಸತ್ಯಶೋಧಕ ಸಮಾಜದವರೂ 'ದೀನಬಂಧು' ಪತ್ರಿಕೆಯ ಸಂಪಾದಕರೂ ಆಗಿದ್ದ ನಾರಾಯಣ ಮೇಘಾಜಿ ಲೋಖಂಡೆ 1884ರ ಸೆಪ್ಟೆಂಬರ್‌ನಲ್ಲಿ ಗಿರಣಿ ಕಾರ್ಮಿಕರ ಸಭೆಗಳನ್ನು ಕರೆದರು. ಸುಮಾರು ಐದೂವರೆ ಸಾವಿರ ಮಂದಿಯ ರುಜು ಪಡೆದ ಮನವಿಯೊಂದು ಅಲ್ಲಿ ಸಿದ್ಧವಾಯಿತು. ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಗಾಯಗೊಂಡವರಿಗೆ ಪರಿಹಾರ ಮೊದಲಾದ ಬೇಡಿಕೆಗಳ ನಡುವೆ ಇನ್ನೊಂದೂ ಇತ್ತು: ಒಂದು ತಿಂಗಳ ಪಗಾರವನ್ನು ಮುಂದಿನ ತಿಂಗಳ ಹದಿನೈದನೇ ತಾರೀಖು ಮೀರದಂತೆ ಕೊಡಬೇಕು.

ಹದಿನೈದನೇ ತಾರೀಖನ್ನು ಹೋರಾಡಿ ಪಡೆಯಬೇಕಾಗಿತ್ತು ಎಂಬುದೇ ಅಂದಿನ ಸ್ಥಿತಿಯನ್ನು ಹೇಳುತ್ತದೆ. ಹಳ್ಳಿಯಿಂದ ಬಂದು ಒಂದನೇ ತಾರೀಖು ಕೆಲಸಕ್ಕೆ ಸೇರಿದವನು ಈ ಬೇಡಿಕೆ ಈಡೇರಿದರೂ ಮೊದಲ ಪಗಾರ ನೋಡಲು ಒಂದೂವರೆ ತಿಂಗಳು ಕಾಯಬೇಕಿತ್ತು. ಅಲ್ಲಿಯವರೆಗೆ ಅಕ್ಕಿ ಬೇಳೆ ಉದ್ದರಿಯಲ್ಲಿ ಬರಬೇಕು, ಖೋಲಿಯ ಬಾಡಿಗೆ ಸಾಲದಲ್ಲಿ ಸಂದಾಯವಾಗಬೇಕು. ಕೆಲಸ ಬಿಟ್ಟರೆ ಬಾಕಿ ಪಗಾರ ಕೈಬಿಟ್ಟು ಹೋಗುವ ಹೆದರಿಕೆಯೂ ಇತ್ತು. ಹೀಗೆ ತಡವಾದ ಸಂಬಳ ಮಾಲೀಕನಿಗೆ ಎರಡು ಬಗೆಯಲ್ಲಿ ಅನುಕೂಲವಾಗಿತ್ತು. ಹಣ ಕೈಯಲ್ಲಿ ಉಳಿಯುತ್ತಿತ್ತು, ಆಳೂ ಉಳಿಯುತ್ತಿದ್ದ.

ಕೊನೆಗೆ ಕೈಗೆ ಬಂದ ಪಗಾರವೂ ಪೂರ್ತಿ ಇರುತ್ತಿರಲಿಲ್ಲ. ತಡವಾಗಿ ಬಂದದ್ದಕ್ಕೆ ದಂಡ, ಒಂದು ದಿನ ತಪ್ಪಿಸಿದರೆ ಎರಡು ದಿನದ ಕೂಲಿ ಕಡಿತ. ನೇಯ್ಗೆಯಲ್ಲಿ ದೋಷವಿದ್ದರೆ ಆ ಬಟ್ಟೆಯನ್ನೇ ನೇಕಾರನ ಕೈಗಿತ್ತು ಅದರ ಬೆಲೆಯನ್ನು ಪಗಾರದಲ್ಲಿ ಮುರಿದುಕೊಳ್ಳುವ ಪದ್ಧತಿ ಮುಂಬಯಿಯಲ್ಲಿ ಬಹುಕಾಲ ನಡೆಯಿತು.

ಆಯೋಗ, ಮಸೂದೆ, ಕಾಯ್ದೆ

1925ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ವಾರಕ್ಕೊಮ್ಮೆ ಸಂಬಳ ಕೊಡಬೇಕೆಂಬ ಖಾಸಗಿ ಮಸೂದೆಯೊಂದು ಬಂತು. ವಿಷಯ ತನ್ನ ಪರಿಶೀಲನೆಯಲ್ಲಿದೆ ಎಂದು ಸರ್ಕಾರ ಭರವಸೆ ಕೊಟ್ಟ ಮೇಲೆ ಅದನ್ನು ಹಿಂದಕ್ಕೆ ಪಡೆಯಲಾಯಿತು. ಮರುವರ್ಷ ಪ್ರಾಂತಗಳಿಗೆ ಪತ್ರಗಳು ಹೋದವು, ವರದಿಗಳು ಬಂದವು. ಕಾನೂನು ಬರಲಿಲ್ಲ.

1929ರಲ್ಲಿ ಬ್ರಿಟನ್ನಿನ ಕಾಮನ್ಸ್ ಸಭೆಯ ಮಾಜಿ ಸ್ಪೀಕರ್ ಜೆ. ಎಚ್. ವಿಟ್ಲೆ ಅವರ ಅಧ್ಯಕ್ಷತೆಯಲ್ಲಿ ಭಾರತದ ಕಾರ್ಮಿಕರ ಬಗ್ಗೆ ರಾಯಲ್ ಆಯೋಗ ನೇಮಕವಾಯಿತು. ಕಾರ್ಮಿಕ ನಾಯಕ ಎನ್. ಎಂ. ಜೋಶಿ ಅದರ ಸದಸ್ಯರಲ್ಲಿ ಒಬ್ಬರು. 1931ರಲ್ಲಿ ಬಂದ ವರದಿ ಕಾರ್ಮಿಕರ ಸಾಲದ ಕಥೆಯನ್ನು ವಿವರವಾಗಿ ತೆರೆದಿಟ್ಟಿತು. ಬಹುಪಾಲು ಕಾರ್ಮಿಕರು ದುಡಿಯುವ ಆಯುಷ್ಯದ ಹೆಚ್ಚು ಕಾಲ ಸಾಲದಲ್ಲೇ ಇರುತ್ತಾರೆ ಎಂದು ಆಯೋಗ ಕಂಡುಕೊಂಡಿತು. ಬಟವಾಡೆಯ ದಿನ ಗಿರಣಿಯ ಬಾಗಿಲಲ್ಲಿ ಲಾಠಿ ಹಿಡಿದು ನಿಲ್ಲುವ ಸಾಲಿಗರ ಚಿತ್ರವೂ ಆ ವರದಿಯಲ್ಲಿದೆ. ಸಂಬಳದ ಅವಧಿ ದೀರ್ಘವಾದಷ್ಟೂ ಸಾಲ ಬೆಳೆಯುತ್ತದೆ ಎಂಬುದನ್ನು ಮನಗಂಡ ಆಯೋಗ, ಬಟವಾಡೆಗೆ ಗಡುವು ಬೇಕು, ದಂಡಕ್ಕೆ ಮಿತಿ ಬೇಕು ಎಂದು ಶಿಫಾರಸು ಮಾಡಿತು.

1933ರಲ್ಲಿ ಮಂಡಿಸಿದ ಮಸೂದೆ ಶಾಸನಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. 1935ರಲ್ಲಿ ಮತ್ತೆ ಮಂಡನೆಯಾಗಿ 1936ರ ವೇತನ ಪಾವತಿ ಕಾಯ್ದೆಯಾಯಿತು. ಜಾರಿಗೆ ಬಂದದ್ದು 1937ರ ಮಾರ್ಚ್ 28ರಂದು. ಲೋಖಂಡೆಯವರ ಸಭೆಗಳು ನಡೆದು ಅಷ್ಟರಲ್ಲಿ ಐವತ್ತೆರಡು ವರ್ಷ ಕಳೆದಿತ್ತು.

ಹೊಸ ಕಾಯ್ದೆಯಂತೆ ಸಂಬಳದ ಅವಧಿ ಒಂದು ತಿಂಗಳು ಮೀರುವಂತಿರಲಿಲ್ಲ. ಸಾವಿರಕ್ಕಿಂತ ಕಡಿಮೆ ಜನ ದುಡಿಯುವ ಕಡೆ ಏಳನೇ ದಿನದೊಳಗೆ, ಹೆಚ್ಚಿರುವ ಕಡೆ ಹತ್ತನೇ ದಿನದೊಳಗೆ ಬಟವಾಡೆಯಾಗಬೇಕಿತ್ತು. ಕೆಲಸದಿಂದ ತೆಗೆದವರಿಗೆ ಎರಡನೇ ಕೆಲಸದ ದಿನದೊಳಗೆ ಲೆಕ್ಕ ಚುಕ್ತಾ ಆಗಬೇಕು. ಸಂಬಳ ನಾಣ್ಯ ಅಥವಾ ನೋಟಿನಲ್ಲೇ ಇರಬೇಕು, ಸಾಮಾನಿನ ರೂಪದಲ್ಲಿ ಕೂಡದು. ದಂಡ ರೂಪಾಯಿಗೆ ಅರ್ಧ ಆಣೆ ಮೀರಬಾರದು, ಆ ಹಣವನ್ನು ಕಾರ್ಮಿಕರ ಹಿತಕ್ಕೇ ಬಳಸಬೇಕು. ಈ ಹಕ್ಕುಗಳನ್ನು ಬಿಟ್ಟುಕೊಡುತ್ತೇನೆಂದು ಕಾರ್ಮಿಕ ಬರೆದುಕೊಟ್ಟರೂ ಆ ಬರಹಕ್ಕೆ ಬೆಲೆಯಿಲ್ಲ.

ಕಾಯ್ದೆಗೆ ಮಿತಿಗಳೂ ಇದ್ದವು. ಮೊದಲಿಗೆ ಅದು ಕಾರ್ಖಾನೆ ಮತ್ತು ರೈಲ್ವೆಗಳಲ್ಲಿ ತಿಂಗಳಿಗೆ 200 ರೂಪಾಯಿಗಿಂತ ಕಡಿಮೆ ಪಡೆಯುವವರಿಗೆ ಮಾತ್ರ ಅನ್ವಯಿಸಿತು. ಅಕ್ರಮವಾಗಿ ಮುರಿದುಕೊಂಡ ಹಣಕ್ಕೆ ಅದರ ಹತ್ತು ಪಟ್ಟಿನವರೆಗೆ ಪರಿಹಾರವಿದ್ದರೆ, ತಡಮಾಡಿದ್ದಕ್ಕೆ ಸಿಗುತ್ತಿದ್ದುದು ಹೆಚ್ಚೆಂದರೆ ಹತ್ತು ರೂಪಾಯಿ. ಕಡಿತವನ್ನು ಕಳ್ಳತನದಂತೆ ಕಂಡ ಕಾನೂನಿಗೆ ವಿಳಂಬ ಸಣ್ಣ ತಪ್ಪಾಗಿಯೇ ತೋರಿತು. 2005ರ ತಿದ್ದುಪಡಿ ಆ ಮೊತ್ತವನ್ನು 1,500ರಿಂದ 3,000 ರೂಪಾಯಿಯವರೆಗೆ ಏರಿಸಿತು. ಸಂಬಳದ ಮಿತಿಯೂ ಹಂತ ಹಂತವಾಗಿ ಏರುತ್ತ 2017ರಲ್ಲಿ 24,000 ರೂಪಾಯಿಗೆ ಮುಟ್ಟಿತು.

ಗುತ್ತಿಗೆದಾರರ ಹಿಂದೆ ಯಾರು?

ಸ್ವಾತಂತ್ರ್ಯಾನಂತರ ದೊಡ್ಡ ತೊಡಕಾದದ್ದು ಗುತ್ತಿಗೆ ಪದ್ಧತಿ. ದುಡಿಮೆ ಒಬ್ಬರಿಗೆ, ಸಂಬಳ ಕೊಡುವವರು ಇನ್ನೊಬ್ಬರು. ಗುತ್ತಿಗೆದಾರ ಕೈಕೊಟ್ಟರೆ ಮೂಲ ಮಾಲೀಕರೇ ಸಂಬಳ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ವಿಧಿಸಿತು. ದೆಹಲಿಯ ಏಷ್ಯಾಡ್ ಕ್ರೀಡೆಗಳ ಕಟ್ಟಡ ಕೆಲಸದಲ್ಲಿ ಜಮಾದಾರರು ದಿನಗೂಲಿ 9 ರೂಪಾಯಿ 25 ಪೈಸೆಯಲ್ಲಿ ಒಂದು ರೂಪಾಯಿ ಹಿಡಿದುಕೊಳ್ಳುತ್ತಿದ್ದ ಸಂಗತಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು ನ್ಯಾಯಮೂರ್ತಿ ಪಿ. ಎನ್. ಭಗವತಿ 1982ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತರು. ಹಸಿವೂ ಒಂದು ಬಲವಂತ ಎಂಬುದು ಆ ತೀರ್ಪಿನ ತಿರುಳು.

2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲಿ 1936ರ ಕಾಯ್ದೆ ವಿಲೀನವಾಗಿದೆ. ಸಂಬಳದ ಮಿತಿ ಹೋಗಿದೆ. ತಿಂಗಳ ಸಂಬಳದವರಿಗೆಲ್ಲ ಏಳನೇ ದಿನವೇ ಗಡುವು, ಹತ್ತನೇ ದಿನದ ರಿಯಾಯಿತಿ ಇಲ್ಲ. ದಿನಗೂಲಿಯವರಿಗೆ ಪಾಳಿ ಮುಗಿದೊಡನೆ, ವಾರದ ಕೂಲಿಯವರಿಗೆ ವಾರದ ಕೊನೆಯ ಕೆಲಸದ ದಿನ ಹಣ ಸಲ್ಲಬೇಕು. ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನಗಳಲ್ಲಿ ಲೆಕ್ಕ ತೀರಿಸಬೇಕು. ಬಾಕಿಗಾಗಿ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಸ್ವತಃ ಹಾಕಲಾಗದವರ ಪರವಾಗಿ ಕಾರ್ಮಿಕ ಸಂಘವೂ ಹಾಕಬಹುದು. ಬಾಕಿಯ ಜೊತೆಗೆ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ವಿಚಾರಣಾಧಿಕಾರಿಗಿದೆ. ಸಂಬಳ ಕೊಟ್ಟಿದ್ದೇವೆಂದು ರುಜುವಾತು ಮಾಡುವ ಹೊಣೆ ಮಾಲೀಕರದೇ.

ಕಾಗದದ ಮೇಲೆ ಇವು ಸಣ್ಣ ಹಕ್ಕುಗಳಲ್ಲ. ಆದರೆ ಅರ್ಜಿ ಹಾಕಿದರೆ ಕೆಲಸವೇ ಹೋದೀತು ಎಂಬ ಅಳುಕು ಲೋಖಂಡೆಯವರ ಕಾಲದ್ದು ಇಂದಿಗೂ ಹೋಗಿಲ್ಲ. ಸಂಬಳ ಚೀಟಿ, ಹಾಜರಿ, ಬ್ಯಾಂಕಿನ ಪಾಸ್‌ಬುಕ್‌ಗಳನ್ನು ಜೋಪಾನವಾಗಿಟ್ಟುಕೊಳ್ಳುವವರಿಗೆ, ಒಬ್ಬೊಬ್ಬರಾಗಿ ಹೋಗದೆ ಜೊತೆಗೂಡಿ ಕೇಳುವವರಿಗೆ ಈ ಕಾನೂನು ಹೆಚ್ಚು ಒದಗುತ್ತದೆ. ಮುಂಬಯಿಯ ಗಿರಣಿ ಕಾರ್ಮಿಕರು 1884ರಲ್ಲಿ ಮಾಡಿದ್ದೂ ಅದನ್ನೇ. ಹಲವರು ರುಜು ಮಾಡಲಾಗದೆ ಹೆಬ್ಬೆಟ್ಟು ಒತ್ತುತ್ತಿದ್ದ ಆ ದಿನಗಳಲ್ಲಿ ಅವರು ಒಂದೇ ಕಾಗದದ ಮೇಲೆ ಒಟ್ಟಾಗಿ ಕೇಳಿದ್ದರು.