ಒಳಪೆಟ್ಟಿಗೆ ಸಾಕ್ಷಿ ಹೇಳಿದವರು

ನನ್ನ ಅಕ್ಕನ ಮಗಳು ಹೈಸ್ಕೂಲಿನ ಕಬಡ್ಡಿ ತಂಡದಲ್ಲಿ ಆಡುತ್ತಾಳೆ. ಎರಡು ವರ್ಷದ ಹಿಂದೆ ರೈಡಿಗೆ ಹೋದವಳನ್ನು ಮೂವರು ಒಟ್ಟಿಗೆ ಹಿಡಿದು ಕೆಡವಿದಾಗ ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಎದ್ದಳು, ಮುಖಕ್ಕೆ ನೀರು ಹಾಕಿಕೊಂಡಳು, ಮತ್ತೆ ಆಡಿದಳು. ಸಂಜೆ ಎರಡು ಸಲ ವಾಂತಿ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ‘ನಾರ್ಮಲ್ ಇದೆ, ನಾಳೆಯಿಂದಲೇ ಶಾಲೆಗೆ ಕಳಿಸಿ’ ಎಂದರು. ಮುಂದಿನ ಮೂರು ವಾರ ಆ ಹುಡುಗಿ ಟ್ಯೂಬ್‌ಲೈಟಿನ ಕೆಳಗೆ ಕೂರಲಾಗದೆ ಒದ್ದಾಡಿದಳು. ಓದಿದ ಸಾಲನ್ನೇ ಮತ್ತೆ ಓದುತ್ತಿದ್ದಳು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಚಟ್ನಿ ರುಬ್ಬುತ್ತಿದ್ದಾಗ ಎರಡೂ ಕಿವಿ ಮುಚ್ಚಿಕೊಂಡು ಬಂದು, ‘ಮಾಮ, ಮಿಕ್ಸಿ ನಿಲ್ಸೋಕೆ ಹೇಳು, ನನ್ನ ತಲೆಯೊಳಗೇ ತಿರುಗ್ತಿದೆ’ ಎಂದಳು. ಮನೆಯವರಲ್ಲಿ ಅರ್ಧ ಜನ ಅದನ್ನು ಪರೀಕ್ಷೆ ತಪ್ಪಿಸುವ ನೆವ ಅಂದುಕೊಂಡರು. ಮೊದಮೊದಲು ನಾನೂ ಹಾಗೆಯೇ ಅಂದುಕೊಂಡಿದ್ದೆ. ಆ ತಪ್ಪಿನ ನೋವು ನನ್ನನ್ನು ಈ ವಿಷಯದ ಓದಿಗೆ ಹಚ್ಚಿತು.

ಇದರ ವೈದ್ಯಕೀಯ ಹೆಸರು ಕನ್‌ಕಷನ್. ನಮ್ಮ ಕಡೆ ಬಹಳ ಹಿಂದಿನಿಂದ ಇರುವ ‘ಒಳಪೆಟ್ಟು’ ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ತಲೆಗೋ ಮೈಗೋ ಪೆಟ್ಟು ಬಿದ್ದಾಗ ಬುರುಡೆಯೊಳಗೆ ಮಿದುಳು ಜೋರಾಗಿ ಅಲುಗಾಡುತ್ತದೆ, ನರತಂತುಗಳು ಹಿಗ್ಗುತ್ತವೆ, ಜೀವಕೋಶಗಳ ಒಳಹೊರಗಿನ ಲವಣಗಳ ಸಮತೋಲ ಕೆಡುತ್ತದೆ. ಅದನ್ನು ಸರಿಪಡಿಸಲು ಮಿದುಳಿಗೆ ಹೆಚ್ಚು ಶಕ್ತಿ ಬೇಕಾದ ಹೊತ್ತಿನಲ್ಲೇ ಪೂರೈಕೆ ತಗ್ಗುತ್ತದೆ. ಸಿ.ಟಿ. ಸ್ಕ್ಯಾನ್ ಹುಡುಕುವುದು ರಕ್ತಸ್ರಾವವನ್ನು, ಮೂಳೆಯ ಬಿರುಕನ್ನು. ಕೆಲಸ ಕೆಟ್ಟಿರುವುದು ಅದಕ್ಕೆ ಕಾಣುವುದಿಲ್ಲ. ಹಾಗಾಗಿ ಈ ಗಾಯದಲ್ಲಿ ರೋಗಿಯ ಮಾತೇ ಮುಖ್ಯ ಸಾಕ್ಷಿ. ಆ ಸಾಕ್ಷಿಯನ್ನು ನಂಬುವಂತೆ ಆಟದ ಮಂಡಳಿಗಳನ್ನೂ ಶಾಲೆಗಳನ್ನೂ ಸರ್ಕಾರಗಳನ್ನೂ ವೈದ್ಯರನ್ನೂ ಒಪ್ಪಿಸಲು ನಡೆದ ಹೋರಾಟವೇ ಈ ಕ್ಷೇತ್ರದ ಚರಿತ್ರೆ. ಅದನ್ನು ಹೆಚ್ಚಾಗಿ ನಡೆಸಿದವರು ಮಕ್ಕಳನ್ನು, ಗಂಡಂದಿರನ್ನು, ಅಪ್ಪಂದಿರನ್ನು ಕಳೆದುಕೊಂಡವರು ಮತ್ತು ಅವರು ಕಟ್ಟಿದ ಪುಟ್ಟ ಸಂಸ್ಥೆಗಳು.

ವೈದ್ಯರಿಗೆ ಮೊದಲೇ ಏನೂ ತಿಳಿದಿರಲಿಲ್ಲ ಎನ್ನುವಂತಿಲ್ಲ. ಅಮೆರಿಕದ ನ್ಯೂಜೆರ್ಸಿಯ ರೋಗಶಾಸ್ತ್ರಜ್ಞ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬಾಕ್ಸಿಂಗ್ ಆಡುವವರಲ್ಲಿ ಕಾಣುವ ತೊದಲು, ತೂರಾಟ, ಮರೆವುಗಳ ಬಗ್ಗೆ ಬರೆದಿದ್ದರು. ಆದರೆ ಅದು ಬಾಕ್ಸರುಗಳ ಹಣೆಬರಹ ಎಂದು ಉಳಿದ ಲೋಕ ಸುಮ್ಮನಾಯಿತು. ರೋಗಿಗಳ ಪರವಾಗಿ ಸಂಘಟಿತ ದನಿ ಎದ್ದದ್ದು ಅದಕ್ಕೆ ಅರ್ಧ ಶತಮಾನದ ನಂತರ. ಬ್ರಿಟನ್ನಿನಲ್ಲಿ 1979ರಲ್ಲಿ ‘ಹೆಡ್‌ವೇ’ ಹುಟ್ಟಿತು. ಮಸಾಚುಸೆಟ್ಸ್‌ನಲ್ಲಿ ಮರಿಲಿನ್ ಸ್ಪೈವಾಕ್ ಎಂಬ ತಾಯಿ, 1975ರ ಕಾರು ಅಪಘಾತದಲ್ಲಿ ಮಗಳ ಮಿದುಳಿಗೆ ತೀವ್ರ ಪೆಟ್ಟಾದ ಮೇಲೆ ಪುನಶ್ಚೇತನಕ್ಕಾಗಿ ಅಲೆದು ಸಾಕಾಗಿ, 1980ರಲ್ಲಿ ನ್ಯಾಷನಲ್ ಹೆಡ್ ಇಂಜುರಿ ಫೌಂಡೇಶನ್ ಕಟ್ಟಿದರು. ಇಂದಿನ ಬ್ರೇನ್ ಇಂಜುರಿ ಅಸೋಸಿಯೇಶನ್ ಆಫ್ ಅಮೆರಿಕ ಅದೇ. 1996ರಲ್ಲಿ ಅಲ್ಲಿನ ಸಂಸತ್ತು ಮಿದುಳು ಗಾಯಕ್ಕೆಂದೇ ಕಾಯ್ದೆ ಮಾಡಿದ್ದರ ಹಿಂದೆ ಇಂಥ ಸಂಸ್ಥೆಗಳ ವರ್ಷಗಟ್ಟಲೆಯ ದುಡಿಮೆಯಿತ್ತು. ಆ ಸಂಸ್ಥೆಗಳ ಮುಂದಿದ್ದವರು ಕೋಮಾದಿಂದ ಎದ್ದವರು, ಹಾಸಿಗೆ ಹಿಡಿದವರು. ‘ಸ್ವಲ್ಪ ತಲೆ ಸುತ್ತಿತು ಅಷ್ಟೆ’ ಎನ್ನುವವರ ಪಾಳಿ ಇನ್ನೂ ಬಂದಿರಲಿಲ್ಲ.

ಅದು ಬಂದದ್ದು ಹೊಸ ಶತಮಾನದಲ್ಲಿ. ಪಿಟ್ಸ್‌ಬರ್ಗ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ತಾರೆ ಮೈಕ್ ವೆಬ್‌ಸ್ಟರ್ 2002ರಲ್ಲಿ, 50ನೇ ವಯಸ್ಸಿಗೇ, ಬುದ್ಧಿ ಕದಡಿ ನಿರ್ಗತಿಕನಂತಾಗಿ ತೀರಿಕೊಂಡರು. ಶವಪರೀಕ್ಷೆ ನಡೆಸಿದವರು ನೈಜೀರಿಯಾ ಮೂಲದ ಯುವ ವೈದ್ಯ ಬೆನೆಟ್ ಒಮಾಲು. ಮಿದುಳು ಮೇಲುನೋಟಕ್ಕೆ ಸರಿಯಾಗಿಯೇ ಇತ್ತು. ಅಲ್ಲಿಗೇ ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಬಿಡಲಿಲ್ಲ, ಕೈಯಿಂದ ಹಣ ಹಾಕಿ ತೆಳುಪದರಗಳನ್ನು ಮಾಡಿಸಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಟಾವ್ ಎಂಬ ಪ್ರೋಟೀನು ಗಂಟುಗಂಟಾಗಿ ಕೂತಿರುವುದು ಕಂಡಿತು. 2005ರಲ್ಲಿ ಅವರ ಪ್ರಬಂಧ ಬಂದಾಗ, ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ವೈದ್ಯ ಸಮಿತಿಯವರು ಅದನ್ನು ಹಿಂತೆಗೆದುಕೊಳ್ಳುವಂತೆ ಪತ್ರಿಕೆಗೆ ಬರೆದರು. ಈ ಕಾಯಿಲೆಯನ್ನು ಈಗ ಸಿಟಿಇ ಎನ್ನುತ್ತಾರೆ. ಇದು ಒಂದು ಪೆಟ್ಟಿನಿಂದಲ್ಲ, ವರ್ಷಗಟ್ಟಲೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳಿಂದ ಬರುವಂಥದ್ದು.

ಇದೇ ಹೊತ್ತಿಗೆ ಹಾರ್ವರ್ಡ್‌ನಲ್ಲಿ ಓದಿ ಕುಸ್ತಿಯ ಅಖಾಡಕ್ಕೆ ಇಳಿದಿದ್ದ ಕ್ರಿಸ್ ನೊವಿನ್ಸ್ಕಿ 2003ರಲ್ಲಿ ತಲೆಗೆ ಪೆಟ್ಟು ತಿಂದು, ತಿಂಗಳುಗಟ್ಟಲೆ ತಲೆನೋವು ಬಿಡದೆ, ಡಾ. ರಾಬರ್ಟ್ ಕ್ಯಾಂಟು ಬಳಿ ಬಂದರು. ಎಷ್ಟು ಸಲ ಪೆಟ್ಟಾಗಿದೆ ಎಂದು ಕೇಳುತ್ತ ಹೋದಂತೆ, ಅದುವರೆಗೆ ಲೆಕ್ಕಕ್ಕೇ ಇಡದ ಪೆಟ್ಟುಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. 2006ರ ನವೆಂಬರಿನಲ್ಲಿ ಆಂಡ್ರೆ ವಾಟರ್ಸ್ ಎಂಬ ಮಾಜಿ ಆಟಗಾರ ಆತ್ಮಹತ್ಯೆ ಮಾಡಿಕೊಂಡಾಗ ನೊವಿನ್ಸ್ಕಿ ಆ ಮನೆಯವರಿಗೆ ಫೋನ್ ಮಾಡಿ ಮಿದುಳನ್ನು ಪರೀಕ್ಷೆಗೆ ಕೊಡಲು ಕೇಳಿಕೊಂಡರು. ದುಃಖದ ಮನೆಗೆ ಫೋನ್ ಮಾಡಿ ಇದನ್ನು ಕೇಳುವುದು ಎಂಥ ಕಷ್ಟ! ಅವರು ಒಪ್ಪಿದರು. ಫಲಿತಾಂಶ 2007ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು. ಅದೇ ವರ್ಷ ನೊವಿನ್ಸ್ಕಿ ಮತ್ತು ಕ್ಯಾಂಟು ಸ್ಪೋರ್ಟ್ಸ್ ಲೆಗಸಿ ಇನ್‌ಸ್ಟಿಟ್ಯೂಟ್ ಆರಂಭಿಸಿದರು. ಮುಂದೆ ಅದು ಕನ್‌ಕಷನ್ ಲೆಗಸಿ ಫೌಂಡೇಶನ್ ಆಯಿತು. 2008ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಜೊತೆಗೂಡಿ ಮಿದುಳು ಸಂಗ್ರಹ ಶುರುವಾಯಿತು. ಅಲ್ಲಿನ ಆನ್ ಮೆಕೀ ತಂಡ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ 111 ಎನ್‌ಎಫ್‌ಎಲ್ ಆಟಗಾರರ ಮಿದುಳುಗಳ ಪೈಕಿ 110ರಲ್ಲಿ ಸಿಟಿಇ ಕಂಡಿತ್ತು.

ಈ ಸಂಖ್ಯೆಯನ್ನು ಜೋಪಾನವಾಗಿ ಓದಬೇಕು. ದಾನವಾಗಿ ಬಂದವು ಬಹುಪಾಲು ಬದುಕಿದ್ದಾಗಲೇ ತೊಂದರೆ ಕಂಡಿದ್ದವರ ಮಿದುಳುಗಳು. ಆಡಿದವರಿಗೆಲ್ಲ ಕಾಯಿಲೆ ಬರುತ್ತದೆ ಎಂದು ಇದರರ್ಥವಲ್ಲ. ಸಂಶೋಧಕರೇ ಇದನ್ನು ಸ್ಪಷ್ಟವಾಗಿ ಹೇಳಿದ್ದರೂ ಸುದ್ದಿಯ ತಲೆಬರಹಗಳು ಹೇಳಲಿಲ್ಲ. ಒಂದೆರಡು ಸಲ ಪೆಟ್ಟಾದ ಹುಡುಗರು ತಮ್ಮ ಮಿದುಳು ಮುಗಿಯಿತು ಎಂಬ ಭಯಕ್ಕೆ ಬೀಳುವುದು ಈ ಚಳವಳಿಯ ಬೇಡದ ಫಲ. ಸಿಟಿಇ ಖಚಿತವಾಗುವುದು ಸತ್ತ ಮೇಲೆ. ಕನ್‌ಕಷನ್ ಆದವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಒಳ್ಳೆಯ ಸಂಸ್ಥೆಗಳು ಈಗ ಎರಡೂ ಮಾತನ್ನು ಒಟ್ಟಿಗೆ ಹೇಳಲು ಕಲಿತಿವೆ. ನೊವಿನ್ಸ್ಕಿಯವರ ಸಂಸ್ಥೆಯ ಸಹಾಯವಾಣಿ ಇಂಥವರಿಗೆ ವೈದ್ಯರ ದಾರಿ ತೋರಿಸುತ್ತದೆ, ಅದೇ ಕಷ್ಟ ದಾಟಿ ಬಂದವರ ಜೊತೆ ಮಾತಾಡಿಸುತ್ತದೆ. ನನ್ನ ಮಟ್ಟಿಗೆ ಅವರ ಕೆಲಸಗಳಲ್ಲಿ ಮಿದುಳು ಬ್ಯಾಂಕಿಗಿಂತ ಇದೇ ದೊಡ್ಡದು.

ಶಿಕ್ಷಣದ ಕವಲು ಬೆಳೆದದ್ದು ಮಕ್ಕಳ ಸಾವುನೋವುಗಳಿಂದ. 2006ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ರಾಜ್ಯದ 13 ವರ್ಷದ ಝಾಕರಿ ಲಿಸ್ಟೆಟ್, ಪಂದ್ಯದ ಮೊದಲರ್ಧದಲ್ಲಿ ತಲೆಗೆ ಪೆಟ್ಟು ಬಿದ್ದರೂ ವಿರಾಮದ ನಂತರ ಮತ್ತೆ ಆಡಿ, ಪಂದ್ಯ ಮುಗಿದೊಡನೆ ಕುಸಿದ. ಮೊದಲ ಮಾತು ಹೊರಡಲು ಒಂಬತ್ತು ತಿಂಗಳು ಬೇಕಾಯಿತು. ಅವನ ಕುಟುಂಬ, ವೈದ್ಯರು, ವಕೀಲರು ಮತ್ತು ಆ ರಾಜ್ಯದ ಮಿದುಳು ಗಾಯ ಸಂಘ ಸೇರಿ 2009ರ ಮೇ ತಿಂಗಳಲ್ಲಿ ಒಂದು ಕಾಯ್ದೆ ತರಿಸಿದರು. ಅದರಲ್ಲಿ ಇರುವುದು ಮೂರೇ ಮಾತು. ಪ್ರತಿವರ್ಷ ಆಟಗಾರ ಮತ್ತು ಪೋಷಕರು ತಿಳಿವಳಿಕೆ ಪತ್ರ ಓದಿ ಸಹಿ ಹಾಕಬೇಕು. ಅನುಮಾನ ಬಂದರೆ ಆಟಗಾರನನ್ನು ಹೊರಗೆ ಕರೆಯಬೇಕು. ಪರವಾನಗಿ ಇರುವ ಆರೋಗ್ಯ ತಜ್ಞರು ಬರೆದುಕೊಟ್ಟ ಮೇಲಷ್ಟೇ ಒಳಗೆ ಬಿಡಬೇಕು. ಐದು ವರ್ಷ ತುಂಬುವ ಮೊದಲೇ ಅಮೆರಿಕದ ಎಲ್ಲ 50 ರಾಜ್ಯಗಳಲ್ಲೂ ಇಂಥ ಕಾಯ್ದೆ ಬಂತು.

ಒಟ್ಟಾವಾದ ರೋವನ್ ಸ್ಟ್ರಿಂಗರ್‌ಳ ಕತೆ ಓದುವಾಗ ನನಗೆ ಅಕ್ಕನ ಮಗಳ ಮುಖ ಕಣ್ಣೆದುರು ಬರುತ್ತದೆ. 17 ವರ್ಷ, ರಗ್ಬಿ ತಂಡದ ನಾಯಕಿ. 2013ರ ಮೇ ತಿಂಗಳಲ್ಲಿ ಒಂದೇ ವಾರದೊಳಗೆ ಮೂರು ಸಲ ಪೆಟ್ಟು. ತನಗೆ ಆಗಿರುವುದು ಕನ್‌ಕಷನ್ ಇರಬಹುದೇ ಎಂದು ಫೋನಿನಲ್ಲಿ ಹುಡುಕಿದ್ದಳು, ಗೆಳತಿಯರಿಗೆ ಸಂದೇಶ ಕಳಿಸಿದ್ದಳು. ಮನೆಯ ದೊಡ್ಡವರಿಗೆ ಗೊತ್ತಿರಲಿಲ್ಲ. ಕೊನೆಯ ಪಂದ್ಯದ ಪೆಟ್ಟಿನ ನಂತರ ಬದುಕಿ ಉಳಿಯಲಿಲ್ಲ. ಮೊದಲ ಪೆಟ್ಟು ಮಾಗುವ ಮುಂಚೆ ಎರಡನೆಯದು ಬಿದ್ದರೆ ಎಳೆಯ ಮಿದುಳು ಅಪರೂಪಕ್ಕೊಮ್ಮೆ ಹೀಗೆ ಏಕಾಏಕಿ ಊದಿಕೊಳ್ಳುತ್ತದೆ. ಅವಳ ಸಾವಿನ ಬಗ್ಗೆ 2015ರಲ್ಲಿ ನಡೆದ ವಿಚಾರಣೆಯಲ್ಲಿ ಜ್ಯೂರಿ 49 ಶಿಫಾರಸುಗಳನ್ನು ಕೊಟ್ಟಿತು; ಹೆತ್ತವರು ಅವನ್ನು ಕಡತದಲ್ಲಿ ಸಾಯಲು ಬಿಡಲಿಲ್ಲ. 2018ರಲ್ಲಿ ಒಂಟಾರಿಯೊ ಪ್ರಾಂತ್ಯ ಅವಳ ಹೆಸರಿನಲ್ಲೇ ಕಾಯ್ದೆ ಮಾಡಿತು. ಉತ್ತರ ಐರ್ಲೆಂಡ್‌ನ ಕ್ಯಾರಿಕ್‌ಫರ್ಗಸ್‌ನಲ್ಲಿ 2011ರಲ್ಲಿ ಇದೇ ರೀತಿ ತೀರಿಕೊಂಡ 14 ವರ್ಷದ ಬೆಂಜಮಿನ್ ರಾಬಿನ್ಸನ್‌ನ ತಂದೆಯೂ ಹೀಗೆಯೇ ಬಾಗಿಲಿಂದ ಬಾಗಿಲಿಗೆ ಅಲೆದರು. ಇಂಥ ಒತ್ತಾಯಗಳ ನಡುವೆ 2015ರಲ್ಲಿ ಸ್ಕಾಟ್ಲೆಂಡ್ ಎಲ್ಲ ಆಟಗಳಿಗೂ ಅನ್ವಯಿಸುವ ಒಂದೇ ಮಾರ್ಗಸೂಚಿ ತಂದಿತು: ಅನುಮಾನವಿದ್ದರೆ ಕೂರಿಸಿಬಿಡಿ.

ರೋವನ್‌ಳ ಸಾವು ಇನ್ನೊಂದನ್ನೂ ಕಲಿಸಿತು. ಲಕ್ಷಣಗಳ ಪಟ್ಟಿ ಹಂಚಿದರೆ ಸಾಲದು. ಅವಳಿಗೆ ಲಕ್ಷಣ ಗೊತ್ತಿತ್ತು. ಗೊತ್ತಿದ್ದೂ ಮಕ್ಕಳು ಹೇಳುವುದಿಲ್ಲ. ತಂಡಕ್ಕೆ ತೊಂದರೆ ಆದೀತು, ಜಾಗ ಹೋದೀತು ಎಂದು ಮುಚ್ಚಿಡುತ್ತಾರೆ. ಹಾಗಾಗಿ ನಂತರದ ಕಾರ್ಯಕ್ರಮಗಳು ಪೆಟ್ಟಾದವರ ಬದಲು ಪಕ್ಕದಲ್ಲಿರುವವರ ಜೊತೆ ಮಾತಾಡತೊಡಗಿದವು: ಗೆಳತಿಗೆ ಏನೋ ಆಗಿದೆ ಅನ್ನಿಸಿದರೆ ಕೋಚ್‌ಗೆ ಹೇಳು, ಅದು ಚಾಡಿಯಲ್ಲ. ಆರೈಕೆಯ ಸಲಹೆಯೂ ಬದಲಾಯಿತು. ಹಿಂದೆ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುತ್ತಿದ್ದರು. ಈಗ ಒಂದೆರಡು ದಿನ ಹಗುರ ವಿಶ್ರಾಂತಿ, ಆಮೇಲೆ ನಿಧಾನವಾಗಿ ನಡಿಗೆ, ಓದು, ಕೊನೆಗೆ ಆಟ. ಬ್ರಿಟನ್ನಿನ 2023ರ ಮಾರ್ಗಸೂಚಿ ಪಂದ್ಯಕ್ಕೆ ಮರಳಲು ಕನಿಷ್ಠ 21 ದಿನ ಎನ್ನುತ್ತದೆ.

ಬ್ರಿಟಿಷ್ ಫುಟ್‌ಬಾಲ್‌ನ ಕತೆಗೆ ನಾಯಕಿ ಒಬ್ಬ ಮಗಳು. ಚೆಂಡನ್ನು ತಲೆಯಿಂದ ಹೊಡೆಯುವುದರಲ್ಲಿ ಹೆಸರಾಗಿದ್ದ ಜೆಫ್ ಆಸ್ಟಲ್ 2002ರಲ್ಲಿ ತೀರಿಕೊಂಡಾಗ ಅದು ವೃತ್ತಿಯಿಂದ ಬಂದ ಕಾಯಿಲೆ ಎಂದು ತೀರ್ಪಾಯಿತು, ಆಮೇಲೆ ಹತ್ತು ವರ್ಷ ಮೌನ. ಮಗಳು ಡಾನ್ ಆಸ್ಟಲ್ ಅದನ್ನು ಮತ್ತೆ ಎತ್ತಿದರು, 2015ರಲ್ಲಿ ತಂದೆಯ ಹೆಸರಿನ ಪ್ರತಿಷ್ಠಾನ ಕಟ್ಟಿದರು. 2019ರಲ್ಲಿ ವಿಲ್ಲಿ ಸ್ಟೂವರ್ಟ್ ನಡೆಸಿದ ಗ್ಲಾಸ್ಗೊ ಅಧ್ಯಯನ, ಮಾಜಿ ವೃತ್ತಿಪರ ಆಟಗಾರರು ನರಕ್ಷಯದ ಕಾಯಿಲೆಯಿಂದ ಸಾಯುವ ಸಂಭವ ಮೂರೂವರೆ ಪಟ್ಟು ಹೆಚ್ಚು ಎಂದು ತೋರಿಸಿತು.

ಹಣದ ಲೆಕ್ಕದಲ್ಲೂ ನಂಬಿಕೆಯದೇ ಜಗಳ. ಎನ್‌ಎಫ್‌ಎಲ್ ತನ್ನ ಮಾಜಿ ಆಟಗಾರರ ಜೊತೆ ಮಾಡಿಕೊಂಡ ಪರಿಹಾರ ಒಪ್ಪಂದದಲ್ಲಿ ಕಪ್ಪು ಆಟಗಾರರ ಬುದ್ಧಿಮಟ್ಟ ಮೊದಲೇ ಕಡಿಮೆ ಇತ್ತೆಂದು ಭಾವಿಸಿ ಅಂಕ ಹೊಂದಿಸುವ ಪದ್ಧತಿಯಿತ್ತು. ಅದರಿಂದ ಅವರಿಗೆ ಪರಿಹಾರ ಸಿಗುವುದೇ ಕಷ್ಟವಾಗಿತ್ತು. ಆಟಗಾರರು ಮೊಕದ್ದಮೆ ಹೂಡಿದರು. ಮಾಜಿ ಆಟಗಾರ ಕೆನ್ ಜೆಂಕಿನ್ಸ್ ಮತ್ತು ಪತ್ನಿ ಏಮಿ ಲೂಯಿಸ್ 50,000 ಸಹಿಗಳನ್ನು ಫಿಲಡೆಲ್ಫಿಯಾದ ನ್ಯಾಯಾಲಯಕ್ಕೆ ಒಯ್ದರು. 2021ರಲ್ಲಿ ಆ ಪದ್ಧತಿ ಕೈಬಿಡಲು ಲೀಗ್ ಒಪ್ಪಿತು.

ಇಷ್ಟಾದರೂ ಈ ಚರಿತ್ರೆಯಲ್ಲಿ ಹೆಣ್ಣುಮಕ್ಕಳು ಎಲ್ಲಿ? ಕ್ಯಾಥರೀನ್ ಸ್ನೆಡೆಕರ್ 2013ರಲ್ಲಿ ‘ಪಿಂಕ್ ಕನ್‌ಕಷನ್ಸ್’ ಆರಂಭಿಸಿದ್ದು ಇದೇ ಪ್ರಶ್ನೆಯಿಂದ. ವೃತ್ತಿಪರ ಆಟಗಾರ್ತಿಯೊಬ್ಬರಲ್ಲಿ ಸಿಟಿಇ ಮೊದಲು ದೃಢಪಟ್ಟದ್ದು 2023ರಲ್ಲಿ. 28ನೇ ವಯಸ್ಸಿಗೆ ತೀರಿಕೊಂಡ ಆಸ್ಟ್ರೇಲಿಯಾದ ಹೆದರ್ ಆಂಡರ್‌ಸನ್ ಅವರ ಮಿದುಳನ್ನು ಕುಟುಂಬ ದಾನ ಮಾಡಿತ್ತು. ಇನ್ನು ಮನೆಯೊಳಗೇ ಗಂಡನ ಕೈಯಲ್ಲಿ ತಲೆಗೆ ಪೆಟ್ಟು ತಿನ್ನುವವರಿಗೆ ರೆಫರಿಯಿಲ್ಲ, ಸೀಟಿಯಿಲ್ಲ, ಬದಲಿ ಆಟಗಾರರಿಲ್ಲ. ಅವರ ಮರೆವನ್ನು, ಗೊಂದಲವನ್ನು ಪೊಲೀಸ್ ಠಾಣೆಯಲ್ಲಿ ಸುಳ್ಳು ಎಂದು ಬರೆದುಕೊಳ್ಳುವ ಅಪಾಯವಿದೆ. ಈ ಕ್ಷೇತ್ರ ಅವರ ಕಡೆ ತಿರುಗಿದ್ದು ತೀರಾ ತಡವಾಗಿ, ಅದೂ ಅರೆಮನಸ್ಸಿನಿಂದ ಎಂದೇ ನನ್ನ ಅಭಿಪ್ರಾಯ.

ಕನ್‌ಕಷನ್ ಎಂಬ ಪದ ನಮ್ಮ ಮನೆಗಳಿಗೆ ಬಂದದ್ದು ಕ್ರಿಕೆಟ್ಟಿನ ದಾರಿಯಲ್ಲಿ. 2019ರ ಆಗಸ್ಟಿನಿಂದ ಕನ್‌ಕಷನ್ ಆದವರ ಜಾಗದಲ್ಲಿ ಬದಲಿ ಆಟಗಾರನಿಗೆ ಅವಕಾಶವಾಯಿತು. 2020ರಲ್ಲಿ ಕ್ಯಾನ್‌ಬೆರಾದಲ್ಲಿ ಜಡೇಜಾ ಬದಲು ಚಾಹಲ್ ಇಳಿದಾಗ ಚಹಾದಂಗಡಿಗಳಲ್ಲೂ ಚರ್ಚೆಯಾಯಿತು. ಆದರೆ ನಮ್ಮಲ್ಲಿ ತಲೆಗೆ ಪೆಟ್ಟು ಬೀಳುವುದು ಹೆಚ್ಚಾಗಿ ರಸ್ತೆಯಲ್ಲಿ, ಬೈಕಿನಿಂದ. ಸೇವಾ ಸಂಸ್ಥೆಗಳೂ ಅದೇ ಜಾಡು ಹಿಡಿದಿವೆ. ಜೋಧಪುರದ ಗಜ್ ಸಿಂಗ್ ಅವರು, 2005ರಲ್ಲಿ ಪೋಲೊ ಆಡುವಾಗ ಬಿದ್ದು ಮಗ ಕೋಮಾಕ್ಕೆ ಹೋದ ಅನುಭವದಿಂದ 2007ರಲ್ಲಿ ಇಂಡಿಯನ್ ಹೆಡ್ ಇಂಜುರಿ ಫೌಂಡೇಶನ್ ಕಟ್ಟಿದರು. ಪಿಯೂಷ್ ತಿವಾರಿಯವರ ಸೇವ್‌ಲೈಫ್ ಫೌಂಡೇಶನ್ ಸುಪ್ರೀಂ ಕೋರ್ಟಿಗೆ ಹೋದದ್ದರಿಂದ 2016ರಲ್ಲಿ ಗಾಯಾಳುವಿಗೆ ನೆರವಾದವರಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಗುರುರಾಜ್ ಮತ್ತು ಸಂಗಡಿಗರು ತಲೆಪೆಟ್ಟಿನ ಲೆಕ್ಕವಿಡುವ ಕೆಲಸವನ್ನು ವರ್ಷಗಟ್ಟಲೆ ಮಾಡಿದ್ದಾರೆ. ಇವೆಲ್ಲ ಜೀವ ಉಳಿಸುವ ಕೆಲಸ, ಮೊದಲು ಆಗಬೇಕಾದದ್ದೇ. ಉಳಿದ ಜೀವ ಮನೆಗೆ ಬಂದ ಮೇಲೆ ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿಕೊಂಡರೆ ಕೇಳುವವರು ಕಡಿಮೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲೂ ಪೆಟ್ಟಿನಿಂದಾದ ಮಿದುಳು ಹಾನಿಗೆ ಪ್ರತ್ಯೇಕ ಹೆಸರಿಲ್ಲ.

ಅಕ್ಕನ ಮಗಳು ಐದನೇ ವಾರಕ್ಕೆ ಸುಧಾರಿಸಿಕೊಂಡಳು. ಈ ವರ್ಷ ನಾವಿಬ್ಬರೂ ಸೇರಿ ಒಂದು ಪುಟದ ಕನ್ನಡ ಹಾಳೆ ಬರೆದೆವು. ಪೆಟ್ಟಾದ ದಿನ ಆಟ ಬೇಡ; ಮತ್ತೆ ಮತ್ತೆ ವಾಂತಿ, ಏರುವ ತಲೆನೋವು, ತೊದಲು, ಫಿಟ್ಸ್ ಕಂಡರೆ ತಕ್ಷಣ ಆಸ್ಪತ್ರೆ; ಬರೆಸಿಕೊಂಡು ಬಂದ ಮೇಲೆಯೇ ಅಂಗಳಕ್ಕೆ. ಅವಳ ಶಾಲೆಯ ಪಿ.ಟಿ. ಮೇಷ್ಟ್ರು ಅದನ್ನು ನಿಂತಲ್ಲೇ ಎರಡು ಸಲ ಓದಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ‘ಸರಿ ಸಾರ್, ಕಳಿಸಲ್ಲ. ಆದರೆ ನಮ್ಮೂರಲ್ಲಿ ಇದನ್ನ ಬರಕೊಡೋರು ಯಾರು?’ ಎಂದು ಕೇಳಿದರು. ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕೇಳಲು ಸೋಮವಾರ ಮೂವರೂ ಹೋಗುತ್ತಿದ್ದೇವೆ.